ರೆಥಿಮ್ನೊದಲ್ಲಿ ಉಳಿದವಳು

ಜುಂದಾ ದ್ವೀಪ, ಐವಲಿಕ್ ಹತ್ತಿರ
9 ಜೂನ್ 1924

ಅರ್ಗಿರೊ,

ಮಗು ಬದುಕಿದೆಯೇ? ಉಳಿದದ್ದೆಲ್ಲ ಆಮೇಲೆ. ಮೊದಲ ಸಾಲಿನಲ್ಲಿ ಇದೊಂದನ್ನು ಬರೆದು ಕಾಗದ ಕಳಿಸು.

ಆ ಬೆಳಿಗ್ಗೆಯ ನಂತರ ನನಗೆ ಯಾವುದೂ ನೆಟ್ಟಗೆ ನೆನಪಿಲ್ಲ. ಬಂದರಿನ ವೈದ್ಯ ಸಬ್ರಿಯೆಯ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಕೆಂಪು ಗುಳ್ಳೆ ನೋಡಿ, "ಈ ಮಗು ಹಡಗು ಹತ್ತೋ ಹಾಗಿಲ್ಲ" ಎಂದದ್ದು ನೆನಪಿದೆ. "ಕಾಯಿಲೆಯೋರಿಗೆ ಅಂತ ಬೇರೆ ಹಡಗು ಬರುತ್ತೆ, ಮುಂದಿನ ವಾರ. ಯಾರ ಹತ್ರಾನಾದ್ರೂ ಬಿಟ್ಟು ಹೋಗಮ್ಮ. ನಡಿ, ನಡಿ, ಹಿಂದೆ ಜನ ಇದ್ದಾರೆ." ತೆವ್ಫಿಕ್ ತನ್ನ ತಾಯಿಯನ್ನು, ನಮ್ಮತ್ತೆಯನ್ನು, ಬೆನ್ನ ಮೇಲೆ ಹೊತ್ತು ಆಗಲೇ ದೋಣಿಗೆ ಇಳಿದಿದ್ದ. ನೆಫಿಸೆ ದೋಣಿಯ ಅಂಚು ಹಿಡಿದು ಅಮ್ಮಾ ಅಮ್ಮಾ ಎಂದು ಕಿರುಚುತ್ತಿದ್ದಳು. ನೀನು ನಮ್ಮನ್ನು ಬೀಳ್ಕೊಡಲು ಬಂದವಳು, ಕೈಯಲ್ಲಿ ಒಣರೊಟ್ಟಿಯ ಗಂಟು ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ನಾನು ಗಂಟು ತೆಗೆದುಕೊಂಡು ಮಗುವನ್ನು ಕೊಟ್ಟೆ. ಹಾಗೆಯೇ ನಡೆಯಿತಲ್ಲವೇ? ನೀನೇನಾದರೂ ಅಂದೆಯಾ? ದೋಣಿ ಹೊರಟ ಮೇಲೆ ನಿನ್ನ ಬಾಯಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ.

ಮುಸ್ಲಿಮರೆಲ್ಲ ತುರ್ಕಿಗೆ, ಕ್ರೈಸ್ತರೆಲ್ಲ ಗ್ರೀಸಿಗೆ ಎಂದು ದೊಡ್ಡವರು ಎಲ್ಲೋ ಕುಳಿತು ನಮ್ಮನ್ನು ಅದಲುಬದಲು ಮಾಡಿಕೊಂಡರಲ್ಲ, ಇಲ್ಲಿಂದ ಹೋದವರ ಮನೆಯೊಂದು ಈಗ ನಮ್ಮದಂತೆ. ಅಡುಗೆಮನೆಯ ಗೋಡೆಯಲ್ಲಿ ಅವರ ದೇವರ ಗೂಡು ಮಸಿ ಹಿಡಿದು ಹಾಗೇ ಇದೆ. ಅತ್ತೆ ಅದಕ್ಕೆ ಬೆನ್ನು ಮಾಡಿ ಮಲಗುವುದಿಲ್ಲ. "ಯಾರ ದೇವ್ರಾದ್ರೇನೇ, ಏನಾದ್ರೂ ಅನ್ಕೊಂಡಾರು" ಅನ್ನುತ್ತಾಳೆ. ಕ್ರೀಟಿನಲ್ಲಿ ಹುಟ್ಟಿ ಗ್ರೀಕ್ ಆಡಿ ಬೆಳೆದ ನಮಗೆ ತುರ್ಕಿ ಮಾತು ಬರುವುದಿಲ್ಲ. ನೀರಿನ ಕಟ್ಟೆಯ ಹೆಂಗಸರು ನಮ್ಮನ್ನು ಅರೆ ಕಾಫಿರರು ಎಂದು ಕರೆಯುತ್ತಾರಂತೆ. ಕರೆಯಲಿ.

ನನ್ನ ಹಾಲು ಇನ್ನೂ ನಿಂತಿಲ್ಲ. ಹಿತ್ತಿಲ ಗೋಡೆಯ ಮರೆಗೆ ಹೋಗಿ ಹಿಂಡಿ ಮಣ್ಣಿಗೆ ಚೆಲ್ಲುತ್ತೇನೆ.

ಆ ಹಡಗು ಬಂತೇ? ಎದುರು ದಡದ ಗ್ರೀಕ್ ದ್ವೀಪ ಮಿಟಿಲಿನಿಗೆ ಹೋಗುವ ದೋಣಿಗಾರನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಬೇಗ ಬರೆ.

ನಿನ್ನ ನಾಝಿರೆ


ರೆಥಿಮ್ನೊ
30 ಆಗಸ್ಟ್ 1924

ನಾಝಿರೆ,

ಮಗು ಬದುಕಿದೆ.

ಗುಳ್ಳೆ ಬಾಡಿ ಉದುರಿದವು. ಮೊದಲ ವಾರ ಏನನ್ನೂ ನುಂಗಲಿಲ್ಲ. ಆಡಿನ ಹಾಲಿನಲ್ಲಿ ಬಟ್ಟೆಯ ತುದಿ ಅದ್ದಿ ಬಾಯಿಗಿಟ್ಟೆ. ಈಗ ಹಲ್ಲು ಬಂದಿವೆ, ನನ್ನ ಬೆರಳನ್ನೇ ಕಚ್ಚುತ್ತಾಳೆ. ಮಕ್ಕಳತ್ತ ತಿರುಗಿಯೂ ನೋಡದ ನನ್ನ ಗಂಡ ಮನೂಸೊಸ್ ಅಂಗಡಿಯಲ್ಲಿ ಮಿಕ್ಕ ಚರ್ಮದ ಚೂರಿನಿಂದ ನನ್ನ ಅಂಗೈಯಷ್ಟು ಬೂಟು ಹೊಲಿದು ತಂದ. "ನಡೆಯಕ್ಕೇ ಬರಲ್ಲ, ಬೂಟು ಯಾಕೆ?" ಅಂದರೆ, "ಬೂಟಿದ್ರೆ ನಡೀತಾಳೆ" ಅಂದ.

ರೋಗಿಗಳ ಹಡಗು ಬರಲೇ ಇಲ್ಲ. ನಾನು ಅವಳನ್ನೆತ್ತಿಕೊಂಡು ಜನವಿನಿಮಯದ ಕಚೇರಿಗೆ ಹೋದೆ. ಗುಮಾಸ್ತ ಪುಟ ತಿರುವಿ, "ಈ ಮಗು ಹೋಗಿಯಾಗಿದೆ" ಅಂದ.

"ಇಲ್ಲೇ ಇದೆ ನೋಡಿ ಸ್ವಾಮಿ, ನಿಮ್ಮ ಶಾಯಿ ಕುಡಿಕೆಗೆ ಕೈ ಹಾಕ್ತಿದೆ."

"ಅಮ್ಮ, ಕಾಗದದಲ್ಲಿ ಹೋಗಿದೆ. ಆ ಕಡೆಯೋರು ಸಹಿ ಹಾಕಿ ಇಳಿಸ್ಕೊಂಡಿದ್ದಾರೆ. ಒಂದೇ ಮಗೂನ ಎರಡು ಸಲ ಕಳ್ಸಕ್ಕೆ ಆಗುತ್ತಾ?"

ಮೂರು ಸಲ ಹೋದೆ. ಮೂರನೇ ಸಲ ಅವನು, ತಾಯಿ ಇಲ್ಲದ ಮಗುವಾದರೆ ಅನಾಥಾಲಯಕ್ಕೆ ಬರೆಯುತ್ತೇನೆ ಎಂದ. ಆಮೇಲೆ ನಾನು ಆ ಬೀದಿಗೆ ಹೋಗಿಲ್ಲ.

ನಿನ್ನ ಮನೆಗೆ ತುರ್ಕಿಯ ಬುರ್ಸಾ ಕಡೆಯಿಂದ ಓಡಿಬಂದವರು ಬಂದಿದ್ದಾರೆ. ಒಳ್ಳೆಯ ಜನ. ಬಾಗಿಲಿಗೆ ಹಸಿರು ಬಣ್ಣ ಬಳಿದರು.

ಸಬ್ರಿಯೆ ನನ್ನ ತೊಟ್ಟಿಲಿನಲ್ಲಿ ಮಲಗುತ್ತಾಳೆ. ನಾನು ಹೆತ್ತ ಎರಡೂ ಉಳಿಯದೆ ಅಟ್ಟ ಸೇರಿದ್ದ ತೊಟ್ಟಿಲು ನಿನಗೆ ಗೊತ್ತಲ್ಲ, ಅದೇ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಅರ್ಗಿರೊ


ಜುಂದಾ
17 ಫೆಬ್ರವರಿ 1925

ಅರ್ಗಿರೊ,

ನಿನ್ನ ಕಾಗದದ ಮೊದಲ ಸಾಲಿಗೆ ಎಷ್ಟು ಸಲ ಮುತ್ತಿಟ್ಟೆನೋ, ಶಾಯಿ ಕಲೆಸಿಹೋಗಿದೆ.

ತೆವ್ಫಿಕ್ ಜೊತೆ ಐವಲಿಕ್ ಕಚೇರಿಗೆ ಹೋದೆ. ನನಗೆ ಭಾಷೆ ಬಾರದು, ತೆವ್ಫಿಕ್‌ನದು ಅರೆಬರೆ. ಅಧಿಕಾರಿ ಕಾಗದ ನೋಡಿ, "ನಿಮ್ಮ ಇಬ್ಬರು ಮಕ್ಕಳೂ ಇಳಿದಿದ್ದಾರೆ, ಇಲ್ಲಿದೆ" ಅಂದ. ಇಲ್ಲ, ಒಬ್ಬಳು ಕ್ರೀಟಿನಲ್ಲೇ ಉಳಿದಿದ್ದಾಳೆ ಅಂದೆವು. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಇಳಿದ ಮಗು ಈಗ ಇಲ್ಲ ಅಂತೀರಿ. ಏನು ಮಾಡಿದಿರಿ ಅದನ್ನ?"

ಮರುದಿನ ಇಬ್ಬರು ಪೊಲೀಸರು ಬಂದು ಹಿತ್ತಿಲು ಅಗೆದರು. ಅರ್ಗಿರೊ, ನಾನು ಹಾಲು ಚೆಲ್ಲುತ್ತಿದ್ದ ಜಾಗವನ್ನು ಅಗೆದರು. ಬೀದಿಯ ಹೆಂಗಸರೆಲ್ಲ ಗೋಡೆಯ ಮೇಲಿಂದ ಇಣುಕಿ ನೋಡಿದರು. ಅತ್ತೆ ಎದೆ ಬಡಿದುಕೊಂಡು ಅಲ್ಲೇ ಕುಸಿದಳು, ವಾರದೊಳಗೆ ತೀರಿಕೊಂಡಳು. ಕೊನೆಗೆ ತೆವ್ಫಿಕ್ ಕಚೇರಿಗೆ ಹೋಗಿ, ಮಗು ಹಡಗಿನಲ್ಲೇ ಜ್ವರದಿಂದ ಸತ್ತಿತು, ಸಮುದ್ರಕ್ಕೆ ಬಿಟ್ಟೆವು ಎಂದು ಬೆರಳೊತ್ತಿ ಬಂದ. ಮನೆಗೆ ಬಂದು, "ಇನ್ನು ಯಾರೂ ಕೇಳಲ್ಲ" ಅಂದ. ಬೆರಳಿನ ಶಾಯಿ ಒರೆಸಿಕೊಂಡೂ ಇರಲಿಲ್ಲ.

ಸಬ್ರಿಯೆ ಇಲ್ಲಿ ಸತ್ತಿದ್ದಾಳೆ. ಅಲ್ಲಿ ಹೊರಟು ಹೋಗಿದ್ದಾಳೆ. ಅವಳು ಇರುವುದು ನಿನ್ನ ಕೈಯಲ್ಲಿ ಮಾತ್ರ.

ಕಚೇರಿಗಳನ್ನು ಬಿಡು. ಮಿಟಿಲಿನಿಯ ಸ್ಟ್ರಾಟಿಸ್ ಎಂಬ ಕಡಲ ಸ್ಪಂಜು ತೆಗೆಯುವ ದೋಣಿಯ ನಾಯಕ ಶರತ್ಕಾಲದಲ್ಲಿ ನಿಮ್ಮ ಬಂದರಿಗೆ ಬರುತ್ತಾನೆ. ಅವನೊಡನೆ ಮಾತಾಗಿದೆ. ಅವನ ಹೆಂಡತಿಯೂ ದೋಣಿಯಲ್ಲೇ ಇರುತ್ತಾಳೆ, ಮಗುವನ್ನು ನೋಡಿಕೊಳ್ಳುತ್ತಾಳೆ. ಮಿಟಿಲಿನಿಯಿಂದ ಇಲ್ಲಿಗೆ ಸಂಜೆ ಬಿಟ್ಟರೆ ಬೆಳಗಿಗೆ ಬರಬಹುದು. ನಿನ್ನ ಕಾಲಿಗೆ ಬೀಳುತ್ತೇನೆ. ಅವಳನ್ನು ಅವನ ಕೈಗೆ ಕೊಡು.

ನಾಝಿರೆ


ರೆಥಿಮ್ನೊ
22 ನವೆಂಬರ್ 1925

ನಾಝಿರೆ,

ಸ್ಟ್ರಾಟಿಸ್ ಬಂದಿದ್ದ.

ನಾನು ಮಗುವಿನ ಬಟ್ಟೆ ಗಂಟು ಕಟ್ಟಿದೆ. ಮನೂಸೊಸ್ ಬಾಗಿಲಲ್ಲಿ ನಿಂತಿದ್ದ, ತಡೆಯಲಿಲ್ಲ. ಅವಳನ್ನು ಎತ್ತಿಕೊಂಡು ಬಂದರಿಗೆ ನಡೆದೆ. ದೋಣಿಯ ಹೆಂಗಸು ಕೈ ಚಾಚಿದಳು. ಒಳ್ಳೆಯ ಮುಖದವಳು. ಮಗು ನನ್ನ ಕುತ್ತಿಗೆ ಹಿಡಿದುಕೊಂಡು ದೀಪಸ್ತಂಭ ತೋರಿಸಿ ಏನೋ ತೊದಲಿತು.

ನಾನು ಹಿಂತಿರುಗಿ ಬಂದುಬಿಟ್ಟೆ.

ಗಾಳಿ ಜೋರಿತ್ತು, ಮಗುವಿಗೆ ನೆಗಡಿಯಾಗಿತ್ತು ಎಂದು ಬರೆಯಬಹುದು. ಗಾಳಿ ಇರಲಿಲ್ಲ. ನೆಗಡಿಯೂ ಇರಲಿಲ್ಲ.

ಇನ್ನೊಂದು ಮಾತೂ ನನ್ನ ಬಾಯಿಂದಲೇ ನಿನಗೆ ತಿಳಿಯಲಿ. ಭಾನುವಾರ ಅವಳಿಗೆ ದೀಕ್ಷಾಸ್ನಾನ ಮಾಡಿಸಿದೆವು. ಇಗರ್ಜಿಯ ಚೀಟಿ ಇಲ್ಲದ ಮಕ್ಕಳನ್ನು ಅನಾಥಾಲಯದವರು ಒಯ್ಯುತ್ತಿದ್ದಾರೆ, ನೆರೆಮನೆಯವರು ಪಿಸುಗುಟ್ಟುತ್ತಿದ್ದರು. ಈಗ ಅವಳ ಹೆಸರು ಎವಾಂಥಿಯ. ಮನೂಸೊಸ್‌ನ ತಾಯಿಯ ಹೆಸರು.

ಒಬ್ಬಳೇ ಇರುವಾಗ ಸಬ್ರಿಯೆ ಎಂದು ಕರೆದು ನೋಡಿದೆ. ತಿರುಗಲಿಲ್ಲ.

ಅರ್ಗಿರೊ


ಜುಂದಾ
8 ಜನವರಿ 1926

ಮಿಟಿಲಿನಿಯಲ್ಲಿ ನಾಲ್ಕು ದಿನ ಕಾದೆ. ಕಳ್ಳದೋಣಿಯಲ್ಲಿ ಅಲ್ಲಿಗೆ ಹೋಗಿ, ಮೀನಿನ ಬುಟ್ಟಿಗಳ ಹಿಂದೆ ಅಡಗಿ ಕಾದೆ. ಸ್ಟ್ರಾಟಿಸ್‌ನ ಹೆಂಡತಿ ಬರಿಗೈಯಲ್ಲಿ ಇಳಿದಳು. ನನ್ನ ಮುಖ ನೋಡಿ ತನ್ನ ಶಾಲು ಬಿಚ್ಚಿ ನನಗೆ ಹೊದಿಸಿದಳು.

ನಿನ್ನ ಕೈಗೆ ಕೊಟ್ಟದ್ದು ಕಾಪಾಡಲೆಂದು, ನುಂಗಲೆಂದಲ್ಲ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ನಿನ್ನ ಅಪ್ಪ ನಮ್ಮಿಬ್ಬರಿಗೂ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿಸಿದ. ಆ ಅಕ್ಷರದಲ್ಲೇ ನೀನು ನನಗೆ ಇದನ್ನು ಬರೆದೆ.

ಇನ್ನು ಬರೆಯಬೇಡ.

ಸಬ್ರಿಯೆಯ ತಾಯಿ


ಜುಂದಾ
3 ಮಾರ್ಚ್ 1931

ಅರ್ಗಿರೊ,

ಐದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀನು ಬದುಕಿದ್ದೀಯೆಂದು, ಅವಳೂ ಚೆನ್ನಾಗಿದ್ದಾಳೆಂದು ದೋಣಿಗಾರರಿಂದ ಕೇಳುತ್ತಿದ್ದೆ.

ತೆವ್ಫಿಕ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಎಣ್ಣೆ ಗಾಣದ ಮುಂದೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಬೆರಳೊತ್ತಿ ಬಂದ ದಿನದಿಂದ ಸಾಯುವವರೆಗೆ ಅವನು ಅವಳ ಹೆಸರು ಎತ್ತಲಿಲ್ಲ. ಕೂಸುಗಳಿರುವ ಮನೆಗೆ ಹೋಗುವುದನ್ನೂ ಬಿಟ್ಟಿದ್ದ. ನೆಫಿಸೆಗೆ ಈಗ ಹದಿನಾರು. ಗಾಣದಲ್ಲಿ ಆಲಿವ್ ಆರಿಸುತ್ತಾಳೆ, ನನಗಿಂತ ಚೆನ್ನಾಗಿ ತುರ್ಕಿ ಮಾತಾಡುತ್ತಾಳೆ. ಇಲ್ಲಿ ನಾನು ಹೊಲದ ಬದುವಿನಲ್ಲಿ ಸೊಪ್ಪು ಕೀಳಲು ಹೋದರೆ, "ಹಸು ಮೇಯ್ಕೊಂಡಿರ್ಲಿ, ಆ ಕ್ರೀಟಿನೋಳನ್ನ ಹೊರಗೆ ಹಾಕಿ, ಏನೂ ಉಳಿಸಲ್ಲ ಅವ್ಳು" ಎಂದು ಈಗಲೂ ಕೂಗುತ್ತಾರೆ. ಈಗೀಗ ನಾನೂ ನಗುತ್ತೇನೆ.

ಎರಡು ಸರ್ಕಾರಗಳು ರಾಜಿಯಾಗಿವೆ. ನೋಡಿಬರಲು ರಹದಾರಿ ಕೊಡುತ್ತಾರಂತೆ. ಇಜ್ಮಿರಿನಲ್ಲಿ ಒಬ್ಬ ವಕೀಲನನ್ನು ಕಂಡೆ. ತೆವ್ಫಿಕ್ ಕೊಟ್ಟ ಹೇಳಿಕೆ ಸುಳ್ಳೆಂದು ಸಾಕ್ಷಿ ಹಾಕಿದರೆ, ಮಗು ನನ್ನದೆಂದು ನಿಮ್ಮ ಕೋರ್ಟಿನಲ್ಲೇ ಕೇಳಬಹುದು ಎಂದ.

ನಾನು ಬರುತ್ತಿದ್ದೇನೆ. ಬರಲೇ ಎಂದು ಕೇಳುತ್ತಿಲ್ಲ.

ನಾಝಿರೆ


ರೆಥಿಮ್ನೊ
20 ಏಪ್ರಿಲ್ 1931

ನಾಝಿರೆ,

ಬರಬೇಡ. ನಿನ್ನ ತೆವ್ಫಿಕ್‌ಗಾಗಿ ದೀಪ ಹಚ್ಚಿದೆ, ಅತ್ತೆಗೂ ಹಚ್ಚಿದೆ, ನಿನ್ನ ಹೆಸರಿನಲ್ಲಿ ಪ್ರತಿ ಭಾನುವಾರ ಹಚ್ಚುತ್ತೇನೆ, ಆದರೆ ಬರಬೇಡ.

ಅವಳಿಗೆ ಏನೂ ಗೊತ್ತಿಲ್ಲ. ತರಗತಿಯಲ್ಲಿ ಓದುವುದರಲ್ಲಿ ಮುಂದು, ಜಗಳದಲ್ಲಿ ಇನ್ನೂ ಮುಂದು. ಕುರುಡು ನಾಯಿಯೊಂದನ್ನು ತಂದು ಸಾಕಿಕೊಂಡಿದ್ದಾಳೆ. ಹಾಲಿನ ಕೆನೆ ಕಂಡರಾಗದು. ಸಿಡಿಲಿಗೆ ಹೆದರುವುದಿಲ್ಲ, ಬಾವಿಗೆ ಹೆದರುತ್ತಾಳೆ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ನಿನ್ನ ಕಾಗದ ನೋಡಿ ಮನೂಸೊಸ್, "ಬರ್ಲಿ. ಬಂದ ದಿನ ಹುಡುಗಿ ಬೆಟ್ಟದ ಮೇಲೆ ನಮ್ಮಕ್ಕನ ಊರಲ್ಲಿರ್ತಾಳೆ. ಅಲ್ಲಿಗೆ ಯಾವ ಕೋರ್ಟೂ ಹತ್ತಲ್ಲ" ಅಂದ. ಅವನು ಅಂದದ್ದನ್ನು ಮಾಡುವವನು.

ಇಲ್ಲಿಗೆ ಮುಗಿಸಿ ಅಂಚೆಗೆ ಹಾಕಲು ಹೋದೆ. ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಬಿಚ್ಚಿದ್ದೇನೆ.

ಸೆಪ್ಟೆಂಬರಿನಲ್ಲಿ ಬಾ. ಅವನು ದ್ರಾಕ್ಷಿ ಕೊಯ್ಲಿಗೆ ಬೆಟ್ಟಕ್ಕೆ ಹೋಗಿರುತ್ತಾನೆ. ಆ ಕಡೆಯ ಚಿಕ್ಕಮ್ಮ ಬರುತ್ತಾಳೆ ಎಂದು ಅವಳಿಗೆ ಹೇಳಿರುತ್ತೇನೆ. ಚಿಕ್ಕಮ್ಮನಾಗಿ ಬಾ, ನೋಡು, ಹೋಗು. ಅಷ್ಟು ಸಾಕು ಅನ್ನು.

ಅರ್ಗಿರೊ


ರೆಥಿಮ್ನೊ
14 ಸೆಪ್ಟೆಂಬರ್ 1931

ಮಗಳೇ ನೆಫಿಸೆ,

ನಾನು ಕಲಿಸಿದ ಅಕ್ಷರ ಮರೆತಿಲ್ಲ ತಾನೇ? ನಿಧಾನವಾಗಿ ಓದು. ಓದಿ ಒಲೆಗೆ ಹಾಕು. ಪಕ್ಕದ ಮನೆಯವಳು ಗ್ರೀಕ್ ಕಾಗದ ಕಂಡರೆ ಊರೆಲ್ಲ ಸಾರುತ್ತಾಳೆ.

ಪಿರಿಯಸ್ ರೇವಿನಿಂದ ಬರುವ ಹಡಗು ಈಗಲೂ ಬಂದರಿನ ಹೊರಗೇ ನಿಲ್ಲುತ್ತದೆ. ದೋಣಿಯಲ್ಲಿ ಇಳಿಸಿದರು. ನನ್ನ ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು ಫ್ರೆಂಚರು ಇಳಿದರು, ಕೋಟೆ ನೋಡಲು ಬಂದವರು. ಬಂದರಿನ ಪೊಲೀಸ್ ಅವರನ್ನೂ ನನ್ನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, "ಬಂದ ಉದ್ದೇಶ?" ಎಂದು ಕೇಳಿದ.

"ಊರು ನೋಡಕ್ಕೆ" ಅಂದೆ.

ಅವನು ತಲೆಯೆತ್ತಿದ. "ಏನಮ್ಮ, ನೀವು ನಮ್ಮಜ್ಜಿ ಮಾತಾಡಿದ ಹಾಗೆ ಮಾತಾಡ್ತೀರಿ. ಎಲ್ಲಿ ಕಲ್ತ್ರಿ?"

"ಇಲ್ಲೇ."

ಅವನು ಮುದ್ರೆ ಒತ್ತಿ, ಮೆಲ್ಲಗೆ, "ಹದಿನೈದು ದಿನ. ಜಾಸ್ತಿ ಆದ್ರೆ ನಂಗೆ ತೊಂದ್ರೆ" ಅಂದ.

ನಮ್ಮ ಬೀದಿಗೆ ಹೋದೆ. ನಮ್ಮ ಬಾಗಿಲು ತೆರೆದಿತ್ತು. ಬುರ್ಸಾದ ಹೆಂಗಸು ಹೊಸ್ತಿಲಲ್ಲಿ ಕುಳಿತು ಬೀನ್ಸ್ ಮುರಿಯುತ್ತಿದ್ದಳು. ನಾನು ನಿಂತದ್ದು ನೋಡಿಯೇ ಅವಳಿಗೆ ತಿಳಿಯಿತು. ಅವಳಿಗೆ ತುರ್ಕಿಯೇ ಬಾಯಿಭಾಷೆ, ಗ್ರೀಕ್ ತಡವರಿಸುತ್ತಾಳೆ. ನನ್ನದು ತಿರುಗಾ ಮುರುಗಾ. ಹಾಗೂ ಹೀಗೂ ಮಾತಾಡಿದೆವು. "ಆ ಕಡೆಯಿಂದ ಬಂದ್ಯಲ್ಲ, ನಮ್ಮ ಮನೆ ಮುಂದೆ ಹಿಪ್ಪುನೇರಳೆ ಮರ ಇತ್ತು. ಇದೆಯಾ?" ಎಂದು ಕೇಳಿದಳು. ನಾನು ಬುರ್ಸಾ ಕಂಡವಳಲ್ಲ. "ಇದೆ, ತುಂಬಾ ಹಣ್ಣು ಬಿಟ್ಟಿದೆ" ಅಂದೆ. ಒಳಗೆ ಬಾ ಎಂದು ಕೈ ಹಿಡಿದು ಎಳೆದಳು. ಹೋಗಲಿಲ್ಲ.

ಅರ್ಗಿರೊಳ ತಲೆ ಪೂರ್ತಿ ನರೆತಿದೆ. ನಾವು ಅಪ್ಪಿಕೊಳ್ಳಲಿಲ್ಲ. ಅವಳು ನನ್ನ ಪೆಟ್ಟಿಗೆ ಹಿಡಿದುಕೊಂಡಳು, ನಾನು ಬಿಡಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದು ಒಳಗೆ ಬಂದೆವು.

ಅಂಗಳದಲ್ಲಿ ನಿನ್ನ ತಂಗಿ ಕಲ್ಲಿನಿಂದ ಬಾದಾಮಿ ಕುಟ್ಟುತ್ತಿದ್ದಳು. ನೆಫಿಸೆ, ನಿನ್ನದೇ ಕಿವಿ. ತುದಿ ಹೊರಗೆ ಬಾಗಿದ್ದು, ಹಾಗೆಯೇ.

"ಇವ್ರೇನಾ ಆ ಕಡೆ ಚಿಕ್ಕಮ್ಮ? ನಮ್ಮ ಕ್ಲಾಸಿನ ಹುಡುಗ್ರು ತುರ್ಕಿಯಿಂದ ಬರೋರಿಗೆ ಬಾಲ ಇರುತ್ತೆ ಅಂದ್ರು. ತೋರ್ಸಿ."

"ಎವಾಂಥಿಯ!" ಎಂದು ಅರ್ಗಿರೊ ಗದರಿದಳು.

"ಹಡಗಲ್ಲಿ ಕಳಚಿಟ್ಟು ಬಂದೆ" ಅಂದೆ. "ಇಲ್ಲಿ ಇಳಿಯೋವಾಗ ಬಿಚ್ಚಿಸ್ಕೋತಾರೆ."

ಅವಳು ಬಾಯ್ತುಂಬ ನಕ್ಕಳು. ಒಂದು ಬಾದಾಮಿ ಬಿಡಿಸಿ ಕೊಟ್ಟಳು. ಅದನ್ನು ತಿನ್ನಲಾಗದೆ ಮುಷ್ಟಿಯಲ್ಲೇ ಇಟ್ಟುಕೊಂಡೆ. ನನ್ನ ನೆಫಿಸೆಗೂ ನಿನ್ನ ಥರಾನೇ ಕಿವಿ ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ಅರ್ಗಿರೊ ನನಗಾಗಿ ಬಸವನಹುಳು ಹುರಿದಿದ್ದಳು, ವಿನೆಗರ್ ಚಿಮುಕಿಸಿ, ನಾನು ಹುಡುಗಿಯಾಗಿದ್ದಾಗ ಇಷ್ಟಪಡುತ್ತಿದ್ದ ಹಾಗೆ. ಊಟದ ಹೊತ್ತಿನಲ್ಲಿ ಮಗು "ಅಮ್ಮ, ನೀರು" ಅಂದಳು. ನಾನೂ ಎದ್ದೆ, ಅರ್ಗಿರೊಳೂ ಎದ್ದಳು. ನಾನು ಕುಳಿತುಕೊಂಡೆ.

ಅರ್ಗಿರೊ ಮಗುವನ್ನು ನನ್ನ ಜೊತೆ ಒಂಟಿಯಾಗಿ ಒಂದು ಗಳಿಗೆಯೂ ಬಿಡುತ್ತಿಲ್ಲ. ಹಿತ್ತಿಲಿಗೆ ಹೋದರೂ ಹಿಂದೆಯೇ ಬರುತ್ತಾಳೆ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ಅದನ್ನು ಯೋಚಿಸಲು ನನಗೆ ಇಷ್ಟವಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಪಿರಿಯಸ್
27 ಸೆಪ್ಟೆಂಬರ್ 1931

ನೆಫಿಸೆ,

ಒಬ್ಬಳೇ ಬರುತ್ತಿದ್ದೇನೆ.

ಮನೂಸೊಸ್‌ಗೆ ಯಾರೋ ಬೆಟ್ಟಕ್ಕೆ ಸುದ್ದಿ ಮುಟ್ಟಿಸಿದರು. ಕೊಯ್ಲು ಅರ್ಧಕ್ಕೆ ಬಿಟ್ಟು ಇಳಿದು ಬಂದ. ದ್ರಾಕ್ಷಿ ತುಳಿದ ಕಾಲು ಮೊಣಕಾಲಿನವರೆಗೆ ಕೆಂಪಗಿತ್ತು. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಅವನು ಕುರ್ಚಿ ಎಳೆದು ನನ್ನೆದುರು ಕುಳಿತ.

"ಪೊಲೀಸ್ ಕರ್ಕೊಂಡು ಬಂದಿದ್ದೀಯಾ, ನಾಝಿರೆ?"

"ಇಲ್ಲ."

"ಮುಂದೆ ಕರ್ಕೊಂಡು ಬರ್ತೀಯಾ?"

"ಹೂಂ."

"ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಕರ್ಕೊಂಡು ಬರ್ತಿದ್ದೆ." ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಆದ್ರೆ ನಾನು ನನ್ನ ಜಾಗದಲ್ಲಿದ್ದೀನಲ್ಲಮ್ಮ. ಏನ್ ಮಾಡ್ಲಿ?"

ಮಗು ಬಾಗಿಲಲ್ಲಿ ನಾಯಿಯನ್ನು ಎತ್ತಿಕೊಂಡು ನಿಂತದ್ದನ್ನು ಯಾರೂ ನೋಡಿರಲಿಲ್ಲ. "ನಂಗೆ ಗೊತ್ತು" ಅಂದಳು. "ನೀವೆಲ್ಲ ಯಾಕೆ ಮೆಲ್ಲಗೆ ಮಾತಾಡ್ತೀರಿ? ಶಾಲೇಲಿ ನನ್ನ ತುರ್ಕಿ ಬೀಜ ಅಂತಾರೆ. ಮೊದಲ್ನೇ ಕ್ಲಾಸಿಂದ ಅಂತಾರೆ. ನಾನು ಪಾದ್ರಿಗಳನ್ನ ಕೇಳ್ದೆ, ದೋಣಿ ಕತೆ ಎಲ್ಲ ಹೇಳಿದ್ರು. ಅವ್ರು ಸುಳ್ಳು ಹೇಳೋ ಹಾಗಿಲ್ಲ."

ಅರ್ಗಿರೊ ಗೋಡೆ ಹಿಡಿದುಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಮಗು ಅವಳಿಗೆ ನೋವಾದೀತೆಂದು ಬಾಯಿ ಬಿಟ್ಟಿರಲಿಲ್ಲ.

ಮಗು ನನ್ನ ಮುಂದೆ ಬಂದು ನಿಂತಳು. "ನೀವು ದೋಣಿಯಿಂದ ಇಳೀಬಹುದಿತ್ತಲ್ಲ?"

"ಇಳೀಬಹುದಿತ್ತು."

"ಮತ್ತೆ ಯಾಕೆ ಇಳೀಲಿಲ್ಲ?"

"ನಿನ್ನ ಅಕ್ಕ ಕೂಗ್ತಿದ್ಲು."

"ನಾನು?"

"ನೀನು ನಿದ್ದೆ ಮಾಡ್ತಿದ್ದೆ. ಜ್ವರದ ನಿದ್ದೆ."

ಅವಳು ನನ್ನನ್ನೇ ಸಮಾಧಾನ ಮಾಡುವವಳ ಹಾಗೆ, "ಹಾಗಾದ್ರೆ ನಂಗೆ ಗೊತ್ತಾಗಿಲ್ಲ ಬಿಡಿ" ಅಂದಳು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. "ನನ್ನ ಜೊತೆ ಬರ್ತೀಯಾ?" ಎಂದು ಕೇಳಿಬಿಟ್ಟೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಕೇಳಿದೆ. ಮತ್ತೆ ಇಲ್ಲ. ಆಮೇಲೆ ನನಗೆ ಏನಾಯಿತೋ, ನೆಫಿಸೆ. ಅವಳ ತೋಳು ಹಿಡಿದು ಎಳೆದೆ. ನಾಯಿ ಕೆಳಗೆ ಬಿದ್ದು ಕುಂಯ್‌ಗುಟ್ಟಿತು. ವಕೀಲನ ಕಾಗದ ತೆಗೆದು ಮೇಜಿನ ಮೇಲೆ ಹೊಡೆದು, ನಿನ್ನನ್ನು ಕಾನೂನಿನಲ್ಲಿ ಎಳೆದುಕೊಂಡು ಹೋಗುತ್ತೇನೆ, ಇವರನ್ನು ಜೈಲಿಗೆ ಹಾಕಿಸುತ್ತೇನೆ ಎಂದು ಕಿರುಚಿದೆ. ಮಗುವಿಗೆ ಹೇಳುವ ಮಾತೇ ಅದು? ಅರ್ಗಿರೊ ನೆಲದ ಮೇಲೆ ಕುಸಿದು ನನ್ನ ಎರಡೂ ಪಾದ ಹಿಡಿದುಕೊಂಡಳು. ನಾನು ಕಾಲು ಕಿತ್ತುಕೊಂಡು ಹೊರಗೆ ಬಂದೆ. ರಹದಾರಿಯಲ್ಲಿ ಇನ್ನೂ ದಿನಗಳಿದ್ದವು.

ನಾಳೆ ಇಲ್ಲಿ ನಮ್ಮ ಕಾನ್ಸುಲ್ ಕಚೇರಿಗೆ ಹೋಗಿ ಅರ್ಜಿ ಕೊಡುತ್ತೇನೆ. ನಾನು ಬಿಡುವುದಿಲ್ಲ. ಅವಳು ಚಿಕ್ಕವಳು, ಅವಳಿಗೇನು ಗೊತ್ತು? ಒಂದು ವರ್ಷ ಅಳುತ್ತಾಳೆ, ಆಮೇಲೆ ಹೊಂದಿಕೊಳ್ಳುತ್ತಾಳೆ. ನಾವು ಹೊಂದಿಕೊಳ್ಳಲಿಲ್ಲವೇ?

ಅಮ್ಮ


ರೆಥಿಮ್ನೊ
6 ಡಿಸೆಂಬರ್ 1931

ಚಿಕ್ಕಮ್ಮ,

ನಾನು ಎವಾಂಥಿಯ. ಈ ಕಾಗದ ನಾನೇ ಬರೀತಿದ್ದೀನಿ. ಯಾರೂ ಹೇಳಿಕೊಟ್ಟಿಲ್ಲ. ಅಂಚೆಯ ತಾತ ವಿಳಾಸ ಬರೆದುಕೊಟ್ಟರು.

ಕೋರ್ಟಿಂದ ಕಾಗದ ಬಂತು. ಅಪ್ಪ ಅಂಗಡಿ ಬಾಗಿಲು ಹಾಕಿ ಬೆಟ್ಟಕ್ಕೆ ಹೋಗೋಣ ಅಂದರು. ಅಮ್ಮ ಬೇಡ ಅಂದಳು, ನಾಝಿರೆಗೆ ಎರಡನೇ ಸಲ ಹಾಗೆ ಮಾಡಲಾರೆ ಅಂದಳು. ಆಮೇಲೆ ಅಮ್ಮ ಊಟ ಬಿಟ್ಟಿದ್ದಾಳೆ. ಬೇಕು ಅಂತ ಬಿಟ್ಟಿಲ್ಲ, ಬಾಯಿಗಿಟ್ಟರೆ ಒಳಗೆ ಹೋಗಲ್ಲ ಅಂತಾಳೆ. ವೈದ್ಯರು ಬಂದಿದ್ದರು. ಮಲಗುವಾಗ ನನ್ನ ಕೈಯನ್ನ ತನ್ನ ತಲೆಬಟ್ಟೆಯಿಂದ ತನ್ನ ಕೈಗೆ ಕಟ್ಟಿಕೊಳ್ಳುತ್ತಾಳೆ. ನಂಗೆ ನೋವಾಗಲ್ಲ, ಆದರೂ ಅಳು ಬರುತ್ತೆ.

ನೀವು ಕೆಟ್ಟವರಲ್ಲ ಅಂತ ಅಮ್ಮ ಹೇಳಿದಳು. ನಂಗೂ ಗೊತ್ತು. ಬಾಲದ ಮಾತು ಹೇಳಿ ನಗಿಸಿದಿರಿ.

ನೀವು ಅಮ್ಮನಿಗೆ ಒಂದು ಕಾಗದ ಬರೀರಿ. ನನ್ನನ್ನು ಕರ್ಕೊಂಡು ಹೋಗಲ್ಲ ಅಂತ ಬರೀರಿ. ನೀವು ಬರೆದರೆ ಅವಳು ನಂಬುತ್ತಾಳೆ. ನಾನು ಹೇಳಿದರೆ ನಂಬಲ್ಲ. ಮೊದಲು ಬಿಟ್ಟು ಹೋದಾಗ ನಂಗೆ ಗೊತ್ತಾಗಿರಲಿಲ್ಲ. ಈಗ ಬಿಟ್ಟರೆ ಗೊತ್ತಾಗುತ್ತೆ. ಆದರೂ ಬಿಡಿ.

ನೆಫಿಸೆಗೆ ನನ್ನ ಥರಾನೇ ಕಿವಿ ಇದೆ ಅಂದಿರಿ. ನಿಜಾನಾ? ಶಾಲೇಲಿ ನನ್ನ ಕಿವಿ ನೋಡಿ ನಗುತ್ತಾರೆ. ಅವಳನ್ನೂ ನೋಡಿ ನಗುತ್ತಾರಾ?

ಎವಾಂಥಿಯ


ಜುಂದಾ
11 ಜನವರಿ 1932

ಅರ್ಗಿರೊ,

ನಾನು ಅರ್ಜಿ ಹಿಂತೆಗೆದುಕೊಂಡಿದ್ದೇನೆ. ನಿನ್ನೆ ನೆಫಿಸೆಯನ್ನು ಕರೆದುಕೊಂಡು ಇಜ್ಮಿರಿಗೆ ಹೋಗಿ ಬಂದೆ. ವಕೀಲ, "ಗೆಲ್ಲೋ ಕೇಸು ಕಣಮ್ಮ, ಹುಚ್ಚಾ ನಿಂಗೆ?" ಅಂದ. ನೆಫಿಸೆ ನನ್ನ ಪರವಾಗಿ ತುರ್ಕಿಯಲ್ಲಿ ಅವನಿಗೆ ಏನೋ ಹೇಳಿದಳು. ಏನು ಹೇಳಿದಳೆಂದು ನಾನು ಕೇಳಲಿಲ್ಲ, ಅವನು ಕಾಗದ ಬರೆದು ಸಹಿಗೆ ಮುಂದೆ ತಳ್ಳಿದ. ನಿಮ್ಮ ಕೋರ್ಟಿಗೂ ಕಾಗದ ಬರುತ್ತದೆ. ಬರುವವರೆಗೆ ಕಾಯಬೇಡ, ಇದನ್ನೇ ನಂಬು.

ನಾನು ಅವಳನ್ನು ಕರೆದುಕೊಂಡು ಹೋಗುವುದಿಲ್ಲ. ಇವತ್ತೂ ಇಲ್ಲ, ಮುಂದೆಯೂ ಇಲ್ಲ. ಅವಳ ಕೈ ಬಿಚ್ಚು. ಏನಾದರೂ ಬಾಯಿಗಿಡು, ಸ್ವಲ್ಪ ಸ್ವಲ್ಪವಾಗಿ. ಮಗುವಿಗೆ ಮಾಡಿದೆಯಲ್ಲ, ಹಾಗೆ ಬಟ್ಟೆಯ ತುದಿಯಲ್ಲಾದರೂ ಸರಿ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಗೊತ್ತಿಲ್ಲ ನನಗೆ. ನಿನ್ನ ಮೇಲಿನ ಕನಿಕರದಿಂದ ಇದನ್ನು ಬರೆಯುತ್ತಿಲ್ಲ, ನನ್ನ ದೊಡ್ಡತನದಿಂದಲೂ ಅಲ್ಲ. ಈ ಮೂರು ವಾರ ನಾನು ಈ ಮನೆಯ ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ನೆಫಿಸೆ ಒಬ್ಬಳೇ ಕಂಡಿದ್ದಾಳೆ.

ಮಗು ನನಗೆ ಕಾಗದ ಬರೆದಿದ್ದಳು. ಬೈಯಬೇಡ ಅವಳನ್ನು. ಹುಟ್ಟಿದಂದಿನಿಂದ ನನ್ನ ಮಗಳು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಇದೇ ಮೊದಲು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನಾಝಿರೆ